ಜಯಲಕ್ಷ್ಮೀ ವಿಲಾಸ ಅರಮನೆ

ಜಯಲಕ್ಷ್ಮೀ ವಿಲಾಸ ಅರಮನೆಯು ಮೈಸೂರು ನಗರದ ಮಾನಸಗಂಗೋತ್ರಿಯಲ್ಲಿ, ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕಿರುವ ದಿಣ್ಣೆಯ ಮೇಲೆ ನಿಂತಿರುವ ಪಾರಂಪರಿಕ ಕಟ್ಟಡ. ಯುರೋಪಿನ ಪುನರುಜ್ಜೀವನ ಶೈಲಿಯ ಲಕ್ಷಣಗಳುಳ್ಳ ಈ ಭವನವನ್ನು 1905ರಲ್ಲಿ ಮೈಸೂರು ರಾಜಮನೆತನದ ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ನಿರ್ಮಿಸಲಾಯಿತು. 1959ರಿಂದ ಇದು ಮೈಸೂರು ವಿಶ್ವವಿದ್ಯಾನಿಲಯದ ಸ್ವತ್ತಾಗಿದ್ದು, ಇಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ.

ಇತಿಹಾಸ

ಜಯಲಕ್ಷ್ಮಮ್ಮಣ್ಣಿಯವರು ಹತ್ತನೆಯ ಚಾಮರಾಜ ಒಡೆಯರ್ ಮತ್ತು ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಹಿರಿಯ ಪುತ್ರಿ. ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ. ಅವರ ಪತಿ ಸರ್ದಾರ್ ಎಂ. ಕಾಂತರಾಜ ಅರಸು 1918ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು. ಕಟ್ಟಡದ ನಿರ್ಮಾಣಕ್ಕೆ ಸುಮಾರು 7 ಲಕ್ಷ ರೂಪಾಯಿ ವೆಚ್ಚವಾಯಿತು ಎನ್ನಲಾಗಿದೆ.

ನಾಲ್ವಡಿಯವರ ಮೂವರು ಸಹೋದರಿಯರಿಗೂ ಮೈಸೂರಿನಲ್ಲಿ ಪ್ರತ್ಯೇಕ ಭವನಗಳಿದ್ದವು. ಸಂಸ್ಥಾನಗಳ ಕಾಲ ಮುಗಿದ ಬಳಿಕ ಮೂರೂ ಸಾರ್ವಜನಿಕ ಸಂಸ್ಥೆಗಳ ನೆಲೆಯಾದವು. ಕೃಷ್ಣಾಜಮ್ಮಣ್ಣಿಯವರ ಕಾರಂಜಿ ಭವನವು ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಚೆಲುವಾಜಮ್ಮಣ್ಣಿಯವರ ಚೆಲುವಾಂಬಾ ಭವನದಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭಗೊಂಡಿತು. ಜಯಲಕ್ಷ್ಮೀ ವಿಲಾಸವು ವಿಶ್ವವಿದ್ಯಾನಿಲಯದ ಪಾಲಿಗೆ ಬಂದಿತು.

ಆಗ ಕುಲಪತಿಯಾಗಿದ್ದವರು ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯ ಕವಿ ಕುವೆಂಪು (1956–1960). ಸ್ನಾತಕೋತ್ತರ ಅಧ್ಯಯನಕ್ಕೆ ಪ್ರತ್ಯೇಕ ಆವರಣ ಬೇಕೆಂಬ ಅವರ ಯೋಜನೆಯಂತೆ ಅರಮನೆಯನ್ನು ಕೊಳ್ಳಲಾಯಿತು. ಹೊಸ ಆವರಣಕ್ಕೆ 'ಮಾನಸಗಂಗೋತ್ರಿ' ಎಂಬ ಹೆಸರನ್ನಿಟ್ಟವರೂ ಅವರೇ.

ವಾಸ್ತುಶಿಲ್ಪ

ಕಟ್ಟಡದಲ್ಲಿ 125 ಕೋಣೆಗಳು, 300ಕ್ಕೂ ಹೆಚ್ಚು ಕಿಟಕಿಗಳು ಮತ್ತು 287 ಕೆತ್ತನೆಯ ಬಾಗಿಲುಗಳಿವೆ ಎಂದು ದಾಖಲಾಗಿದೆ. ಮುಂಭಾಗದಲ್ಲಿ ಕಾರಿಂಥಿಯನ್ ಮತ್ತು ಅಯಾನಿಕ್ ಮಾದರಿಯ ಜೋಡಿ ಕಂಬಗಳು, ತ್ರಿಕೋನಾಕಾರದ ಮುಖಶಿಖರಗಳು, ಅಂಡಾಕಾರದ ಗವಾಕ್ಷಿಗಳು ಮತ್ತು ಗಾರೆಯ ಹೂಬಳ್ಳಿಗಳಿವೆ. ಇವು ಗ್ರೀಕ್ ಹಾಗೂ ರೋಮನ್ ಮೂಲದಿಂದ ಪುನರುಜ್ಜೀವನ ಶೈಲಿಗೆ ಬಂದ ಅಂಶಗಳು. ಇವುಗಳ ನಡುವೆಯೇ ಗಜಲಕ್ಷ್ಮಿಯ ಶಿಲ್ಪವಿರುವುದು ಇಲ್ಲಿನ ವೈಶಿಷ್ಟ್ಯ. ಒಳಗಿನ ಕಲ್ಯಾಣ ಮಂಟಪದಲ್ಲಿ ಬಣ್ಣದ ಗಾಜು ಮತ್ತು ಮರದ ಕುಸುರಿ ಕೆಲಸವಿದೆ.

ಜಾನಪದ ವಸ್ತುಸಂಗ್ರಹಾಲಯ

1968ರಲ್ಲಿ ಸ್ಥಾಪನೆಯಾದ ಈ ಸಂಗ್ರಹಾಲಯದಲ್ಲಿ ಕರ್ನಾಟಕದ ನಾನಾ ಭಾಗಗಳಿಂದ ತಂದ 6,500ಕ್ಕೂ ಹೆಚ್ಚು ವಸ್ತುಗಳಿವೆ. ಇದನ್ನು ಕಟ್ಟಿ ಬೆಳೆಸಿದವರಲ್ಲಿ ದೇ. ಜವರೇಗೌಡ, ಜೀ. ಶಂ. ಪರಮಶಿವಯ್ಯ ಮತ್ತು ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಪ್ರಮುಖರು. ಯಕ್ಷಗಾನದ ವೇಷಭೂಷಣ, ತೊಗಲುಗೊಂಬೆ, ಸೋಮನ ಕುಣಿತದ ಮುಖವಾಡ, ಬೇಸಾಯದ ಉಪಕರಣ ಮತ್ತು ಅಡುಗೆಮನೆಯ ಪಾತ್ರೆಪಡಗಗಳು ಇಲ್ಲಿವೆ. ಕನ್ನಡದ ಹಿರಿಯ ಸಾಹಿತಿಗಳು ಬಳಸಿದ ವಸ್ತುಗಳಿಗೆ ಪ್ರತ್ಯೇಕ ವಿಭಾಗವಿದೆ. ರಾಜಕುಮಾರಿಯ ವಾಸಕ್ಕೆಂದು ಕಟ್ಟಿದ ಕೋಣೆಗಳು ಹೀಗೆ ರೈತರು, ಕುಶಲಕರ್ಮಿಗಳು ಮತ್ತು ಜನಪದ ಕಲಾವಿದರ ಬದುಕಿನ ದಾಖಲೆಗಳನ್ನು ಕಾಪಾಡುತ್ತಿವೆ.

ಸಂರಕ್ಷಣೆ

ಹೊಸ ಬಳಕೆ ಅರಮನೆಯನ್ನು ಉಳಿಸಿತಾದರೂ ಅದರ ನಿರ್ವಹಣೆ ಸುಲಭವಾಗಿಲ್ಲ. ಮರದ ತೊಲೆಗಳು ಮತ್ತು ಗಾರೆಯ ಗೋಡೆಗಳಿಗೆ ಮಳೆನೀರಿನ ಸೋರಿಕೆಯೇ ಮುಖ್ಯ ಶತ್ರು. ಒಮ್ಮೆ ತೇವ ಸೇರಿದರೆ ಮರ ಕೊಳೆಯುತ್ತದೆ, ಗಾರೆ ಉದುರುತ್ತದೆ. ಒಳಗಿನ ಬಟ್ಟೆ, ತೊಗಲು ಹಾಗೂ ಮರದ ಸಂಗ್ರಹಗಳೂ ಅಪಾಯಕ್ಕೀಡಾಗುತ್ತವೆ. ಹೀಗಾಗಿ ಇಲ್ಲಿ ಕಟ್ಟಡದ ರಕ್ಷಣೆ ಮತ್ತು ಸಂಗ್ರಹದ ರಕ್ಷಣೆ ಬೇರೆ ಬೇರೆಯಲ್ಲ.

2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ 1.17 ಕೋಟಿ ರೂಪಾಯಿ ನೆರವಿನಿಂದ ಅರಮನೆಯ ಜೀರ್ಣೋದ್ಧಾರ ನಡೆಯಿತು. ಆದರೆ ಮುಂದಿನ ವರ್ಷಗಳಲ್ಲಿ ಕಟ್ಟಡದ ಕೆಲವು ಭಾಗಗಳು ಮತ್ತೆ ಶಿಥಿಲಗೊಂಡವು. 2023ರಲ್ಲಿ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯಿಂದ ಅನುದಾನ ಪ್ರಕಟವಾಗಿ, ಡೆಕ್ಕನ್ ಹೆರಿಟೇಜ್ ಫೌಂಡೇಷನ್ ಸಹಯೋಗದಲ್ಲಿ ಸಂರಕ್ಷಣಾ ಯೋಜನೆಯನ್ನು ರೂಪಿಸಲಾಯಿತು.

ಇದನ್ನೂ ನೋಡಿ

ಮೈಸೂರು ಅರಮನೆ
ಲಲಿತಮಹಲ್ ಅರಮನೆ
ಚೆಲುವಾಂಬಾ ಭವನ
ಶಿವಪ್ಪನಾಯಕ ಅರಮನೆ, ಶಿವಮೊಗ್ಗ