ರಸ್ತೆಗಿಳಿದ ನಾಟಕಕಾರ

ನಿಮ್ಮ ಭೂಪಟದಲ್ಲಿ ಪಶ್ಚಿಮ ಆಫ್ರಿಕದ ಪುಟ ತೆರೆದು ನೈಜೀರಿಯವನ್ನು ಹುಡುಕಿ. ಕಡಲಂಚಿನಲ್ಲಿ ಲಾಗೋಸ್ ಇದೆ. ಅಲ್ಲಿಂದ ಉತ್ತರಕ್ಕೆ ಸರಿದರೆ ಇಬಾದಾನ್, ಇಬಾದಾನಿನಿಂದ ಪೂರ್ವಕ್ಕೆ ಇಫೆ. ರಾಜರ ಹೆಸರು, ಯುದ್ಧಗಳ ಇಸವಿ ಇವಷ್ಟೇ ಇತಿಹಾಸವೆಂದು ತಿಳಿದವರಿಗೆ ಈ ಊರುಗಳ ನಡುವಿನ ರಸ್ತೆಯಲ್ಲಿ ಓದುವಂಥದ್ದೇನೂ ಕಾಣಲಾರದು. ಆದರೆ ರಸ್ತೆಯಲ್ಲಿ ಜನ ಏಕೆ ಸಾಯುತ್ತಾರೆ, ಅದನ್ನು ತಡೆಯಬಹುದೇ ಎಂದು ಆಫ್ರಿಕದ ಜನ ತಾವಾಗಿಯೇ ಕೇಳಿಕೊಂಡ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಇಲ್ಲಿಯೇ.

ನೈಜೀರಿಯ 1960ರಲ್ಲಿ ಸ್ವತಂತ್ರವಾಯಿತು. ಆ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರೆಂದು ಲೆಕ್ಕಕ್ಕೆ ಬಂದವರು ಸುಮಾರು ಒಂದು ಸಾವಿರ. 1982ರಲ್ಲಿ ಆ ಸಂಖ್ಯೆ 11 ಸಾವಿರವನ್ನು ಮೀರಿತ್ತು. ಈ ಇಪ್ಪತ್ತೆರಡು ವರ್ಷಗಳಲ್ಲಿ ಏನಾಯಿತು? ಪೆಟ್ರೋಲಿಯಂ ಹಣ ಬಂತು. ಹಣದ ಹಿಂದೆ ಕಾರು, ಲಾರಿಗಳು ಬಂದವು. ನೆರೆಯ ದೇಶಗಳಲ್ಲೆಲ್ಲ ವಾಹನಗಳು ಬಲಬದಿಯಲ್ಲಿ ಓಡುತ್ತಿದ್ದುದರಿಂದ ಬ್ರಿಟಿಷರ ಕಾಲದ ಎಡಬದಿಯ ಪದ್ಧತಿಯನ್ನು ಬಿಟ್ಟು, 1972ರ ಏಪ್ರಿಲ್ 2ರಂದು ಇಡೀ ದೇಶ ಬಲಬದಿಗೆ ಹೊರಳಿತು. 1978ರಲ್ಲಿ ಲಾಗೋಸ್ ಮತ್ತು ಇಬಾದಾನ್ ನಡುವೆ ಹೊಸ ಹೆದ್ದಾರಿ ತೆರೆಯಿತು. ರಸ್ತೆ ನುಣುಪಾಯಿತು, ವೇಗ ಹೆಚ್ಚಿತು. ಚಾಲಕನಿಗೆ ತರಬೇತಿ ಕೊಡುವ, ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಮಾತ್ರ ಆ ವೇಗದಲ್ಲಿ ಬೆಳೆಯಲಿಲ್ಲ.

ಇದನ್ನು ಬಹಳ ಮೊದಲೇ ಕಂಡವನು ಒಬ್ಬ ನಾಟಕಕಾರ. ಆಫ್ರಿಕದ ಕಪ್ಪು ಜನರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನ ಪಡೆದ ಮೊದಲಿಗರಾದ ವೋಲೆ ಸೋಯಿಂಕಾ ಅವರ ಹೆಸರನ್ನು ನೀವು ಕೇಳಿರಬಹುದು. ಆ ಬಹುಮಾನ ಬಂದದ್ದು 1986ರಲ್ಲಿ. ಅದಕ್ಕೂ ಇಪ್ಪತ್ತೊಂದು ವರ್ಷ ಹಿಂದೆ, 1965ರಲ್ಲಿ, ಅವರ ‘ದಿ ರೋಡ್’ ನಾಟಕ ಲಂಡನ್ನಿನಲ್ಲಿ ರಂಗಕ್ಕೆ ಬಂತು. ಅದರಲ್ಲಿ ಲಾರಿ ಚಾಲಕರಿದ್ದಾರೆ, ಕ್ಲೀನರುಗಳಿದ್ದಾರೆ, ಖೋಟಾ ಲೈಸೆನ್ಸ್ ಬರೆದುಕೊಡುವ ಒಬ್ಬ ‘ಪ್ರೊಫೆಸರ್’ ಇದ್ದಾನೆ. ಜಖಂಗೊಂಡ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೂ ಉಂಟು. ಎಲ್ಲರ ಬದುಕೂ ನಡೆಯುವುದು ರಸ್ತೆಯಿಂದ, ಸಾವು ಬರುವುದೂ ಅದರಿಂದಲೇ. ಯೊರೂಬ ಜನರಿಗೆ ಓಗುನ್ ಕಬ್ಬಿಣದ ದೇವರು. ಕಮ್ಮಾರ, ಬೇಟೆಗಾರ, ಯೋಧ ಇವರೆಲ್ಲರ ದೈವವಾಗಿದ್ದವನು ಲಾರಿ ಬಂದ ಮೇಲೆ ಚಾಲಕರ ದೈವವೂ ಆದ. ಆಯುಧಪೂಜೆಯ ದಿನ ವಾಹನದ ಚಕ್ರಕ್ಕೆ ನಿಂಬೆಹಣ್ಣು ಇಡುವ ನಮಗೆ ಇದು ತಿಳಿಯದ ಸಂಗತಿಯೇನಲ್ಲ. ಭಕ್ತಿಯ ಬಗ್ಗೆ ತಕರಾರಿಲ್ಲ. ಅಪಘಾತವೆಲ್ಲ ದೈವದ ಹಸಿವೆಂದು ಒಪ್ಪಿಕೊಂಡುಬಿಟ್ಟರೆ ಸವೆದ ಬ್ರೇಕನ್ನು ಯಾರೂ ನೋಡುವುದಿಲ್ಲ, ತಕರಾರು ಅಲ್ಲಿ.

ಸೋಯಿಂಕಾ ಇಫೆಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕಾಲದಲ್ಲಿ ಇಬಾದಾನ್–ಇಫೆ ರಸ್ತೆ ಅವರ ವಿದ್ಯಾರ್ಥಿಗಳನ್ನೂ ಸಹೋದ್ಯೋಗಿಗಳನ್ನೂ ಬಲಿ ತೆಗೆದುಕೊಂಡಿತು. 1977ರಲ್ಲಿ ಓಯೊ ರಾಜ್ಯದಲ್ಲಿ ‘ರಸ್ತೆ ಸುರಕ್ಷತಾ ದಳ’ ಎಂಬುದು ಸ್ಥಾಪನೆಯಾಯಿತು. ನಾಟಕಕಾರ ತಾನೇ ರಸ್ತೆಗಿಳಿದರು. ಅದಕ್ಕೆ ಮುನ್ನ ಸೈನ್ಯ 1972ರಲ್ಲಿ ಒಂದು ಪ್ರಚಾರಾಂದೋಲನ ನಡೆಸಿತ್ತು, 1974ರಲ್ಲಿ ಒಂದು ರಾಷ್ಟ್ರೀಯ ಆಯೋಗವೂ ಹುಟ್ಟಿತ್ತು. ಎರಡೂ ಬಹುಕಾಲ ನಿಲ್ಲಲಿಲ್ಲ. ಓಯೊ ದಳ ಮಾತ್ರ ಆ ರಾಜ್ಯದ ರಸ್ತೆಗಳಲ್ಲಿ ಕಣ್ಣಿಗೆ ಕಾಣುವಷ್ಟು ಶಿಸ್ತನ್ನು ತಂದಿತು. ಆದರೂ 1983ರಲ್ಲಿ ಕೇಂದ್ರ ಸರ್ಕಾರ ಅದನ್ನು ವಿಸರ್ಜಿಸಿತು. ಒಳ್ಳೆಯ ಕೆಲಸ ಮಾಡುತ್ತಿರುವುದೇ ಒಂದು ಸಂಸ್ಥೆ ಉಳಿಯಲು ಸಾಕಾದ ಕಾರಣವಲ್ಲ ಎಂಬುದು ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

1988ರ ಫೆಬ್ರವರಿಯಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ರಸ್ತೆ ಸುರಕ್ಷತಾ ದಳ ಹುಟ್ಟಿತು. ಅದರ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷರು ಸೋಯಿಂಕಾ. ನೊಬೆಲ್ ಪಡೆದ ಕವಿಯೊಬ್ಬರು ಲಾರಿಗಳ ವೇಗದ ವಿಚಾರ ನೋಡಿಕೊಳ್ಳುವ ಹುದ್ದೆಯನ್ನು ಒಪ್ಪಿಕೊಂಡದ್ದು ಸಾಹಿತ್ಯ ಚರಿತ್ರೆಯಲ್ಲಿ ಅಪರೂಪವೇ ಸರಿ. ಗಸ್ತು ತಿರುಗುವುದು, ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸುವುದು, ಲೈಸೆನ್ಸ್ ಮತ್ತು ನಂಬರ್ ಪ್ಲೇಟುಗಳನ್ನು ಸಿದ್ಧಪಡಿಸುವುದು ಇವೆಲ್ಲ ದಳದ ಕೆಲಸಗಳಾದವು. ಸಂಬಳವಿಲ್ಲದೆ ದುಡಿಯುವ ‘ವಿಶೇಷ ಮಾರ್ಷಲ್’ಗಳೂ ಅದರಲ್ಲಿ ಸೇರಿದರು.

ಹಾಗಾದರೆ ಕಾನೂನು ಬಂತು, ದಳ ಬಂತು, ಕಷ್ಟ ತೀರಿತೇ? 2009ರ ಜನವರಿಯಲ್ಲಿ ಬಾಡಿಗೆ ಮೋಟಾರ್ ಸೈಕಲ್ ಸವಾರರೂ ಅವರ ಪ್ರಯಾಣಿಕರೂ ಹೆಲ್ಮೆಟ್ ಹಾಕಲೇಬೇಕೆಂಬ ನಿಯಮವನ್ನು ನೈಜೀರಿಯದಲ್ಲಿ ಬಿಗಿಗೊಳಿಸಿದರು. ಕೆಲವು ಸವಾರರು ಏನು ಮಾಡಿದರು ಗೊತ್ತೇ? ಒಣಗಿದ ಸೋರೆಬುರುಡೆಯನ್ನು ಕತ್ತರಿಸಿ ತಲೆಗೆ ಕಟ್ಟಿಕೊಂಡರು! ಬಣ್ಣದ ಡಬ್ಬಿಯನ್ನು ಕವುಚಿಕೊಂಡವರೂ ಇದ್ದರು. ಹತ್ತು ಜನ ಹಾಕಿದ ಹೆಲ್ಮೆಟ್ಟಿನಲ್ಲಿ ಮಾಟ ಮಾಡಿಟ್ಟಿರಬಹುದೆಂದು ಹೆದರಿದ ಪ್ರಯಾಣಿಕರೂ ಉಂಟು. ನಗು ಬರುವುದು ಸಹಜ. ಆದರೆ ದಿನದ ಗಳಿಕೆಯಲ್ಲಿ ಹೆಲ್ಮೆಟ್ ಕೊಳ್ಳಲಾರದವನಿಗೆ ದಂಡದಿಂದ ತಪ್ಪಿಸಿಕೊಳ್ಳುವುದಷ್ಟೇ ಮುಖ್ಯವಾಗಿತ್ತು. ತಲೆ ಉಳಿಯುವ ಮಾತು ಆಮೇಲಿನದು. ನಿಯಮ ಮಾಡಿದವರು ಅದನ್ನು ಯೋಚಿಸಬೇಕಿತ್ತು.

ಇಲ್ಲಿಂದ ಮುಂದಿನ ಪ್ರಶ್ನೆ ಸಂಶೋಧಕರದು: ಯಾವ ಉಪಾಯ ನಿಜವಾಗಿ ಪ್ರಾಣ ಉಳಿಸುತ್ತದೆ? 1984ರಲ್ಲಿ ನೈರೋಬಿಯಲ್ಲಿ ಆಫ್ರಿಕದ ಮೊದಲ ರಸ್ತೆ ಸುರಕ್ಷತಾ ಸಮ್ಮೇಳನ ಸೇರಿದಾಗಿನಿಂದ ಈ ಪ್ರಶ್ನೆ ಚರ್ಚೆಯಲ್ಲಿತ್ತು. ಇದರಲ್ಲಿ ಕೀನ್ಯದ ಒಂದು ಪ್ರಯೋಗ ನಿಮಗೆ ವಿಶೇಷವಾಗಿ ಹಿಡಿಸಬಹುದು.

ಕೀನ್ಯದ ಖಾಸಗಿ ಮಿನಿ ಬಸ್ಸುಗಳಿಗೆ ‘ಮಟಾಟು’ ಎಂದು ಹೆಸರು. ಸ್ವಾಹಿಲಿಯಲ್ಲಿ ‘ಟಾಟು’ ಎಂದರೆ ಮೂರು. ಹಿಂದೆ ಮೂರು ನಾಣ್ಯ ಕೊಟ್ಟು ಇವುಗಳಲ್ಲಿ ಹೋಗಬಹುದಿತ್ತಂತೆ. 2004ರಲ್ಲಿ ಸಚಿವ ಜಾನ್ ಮಿಚುಕಿ ಗಂಟೆಗೆ 80 ಕಿಲೋಮೀಟರ್ ಮೀರದಂತೆ ವೇಗ ನಿಯಂತ್ರಕ, ಪ್ರತಿ ಆಸನಕ್ಕೂ ಬೆಲ್ಟು, ಚಾಲಕ-ನಿರ್ವಾಹಕರಿಗೆ ಸಮವಸ್ತ್ರ ಎಂದು ಕಟ್ಟುನಿಟ್ಟು ಮಾಡಿದರು. ಕಾಲಕ್ರಮದಲ್ಲಿ ಬಿಗಿ ಸಡಿಲವಾಯಿತು. ಆಗ ಜೇಮ್ಸ್ ಹಬ್ಯರಿಮಾನ ಮತ್ತು ವಿಲಿಯಂ ಜಾಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಸರಳ ವಿಷಯವನ್ನು ಗಮನಿಸಿದರು. ಪೊಲೀಸರು ಎಲ್ಲ ಬಸ್ಸಿನಲ್ಲೂ ಕೂರಲಾರರು. ಆದರೆ ಪ್ರಯಾಣಿಕರು ಕೂತೇ ಇರುತ್ತಾರಲ್ಲ? ಎಲ್ಲರಿಗೂ ಭಯ, ಯಾರಿಗೂ ಬಾಯಿಲ್ಲ.

ಚಾಲಕ ಅಡ್ಡಾದಿಡ್ಡಿ ಓಡಿಸಿದರೆ ಸುಮ್ಮನಿರದೆ ಗದರಿಸಿ ಎಂದು ಪ್ರಯಾಣಿಕರಿಗೆ ಹೇಳುವ ಚೀಟಿಗಳನ್ನು ಬಸ್ಸಿನೊಳಗೆ ಅಂಟಿಸಿದರು. ಯಾವ ಬಸ್ಸಿಗೆ ಅಂಟಿಸಬೇಕೆಂಬುದನ್ನು ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ತೀರ್ಮಾನಿಸಿದರು. ಇದೇಕೆ? ‘ಇಷ್ಟವಿದ್ದವರು ಬನ್ನಿ’ ಎಂದರೆ ಮೊದಲೇ ಜಾಗರೂಕರಾದ ಚಾಲಕರು ಮುಂದೆ ಬರುತ್ತಾರೆ; ಆಗ ಫಲ ಚೀಟಿಯದೋ ಚಾಲಕನದೋ ತಿಳಿಯದು. ಅಂಕಿಗೆ ಒಳ್ಳೆಯವನು, ಕೆಟ್ಟವನು ಎಂಬ ಭೇದವಿಲ್ಲ. ಚೀಟಿ ಕಿತ್ತುಹಾಕದೆ ಉಳಿಸಿಕೊಂಡ ಚಾಲಕರಿಗೆ ಲಾಟರಿ ಬಹುಮಾನದ ಆಸೆಯನ್ನೂ ಇಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಟಾಟುಗಳಲ್ಲಿ ನಡೆದ ಈ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಚೀಟಿಯಿದ್ದ ಬಸ್ಸುಗಳಲ್ಲಿ ವಿಮಾ ಪರಿಹಾರದ ಅರ್ಜಿಗಳು ಅರ್ಧ ಅಥವಾ ಅದಕ್ಕೂ ಹೆಚ್ಚು ಇಳಿದಿದ್ದವು! ಇನ್ನೂ ದೊಡ್ಡದಾಗಿ ಮತ್ತೊಮ್ಮೆ ನಡೆಸಿದಾಗ, 2015ರಲ್ಲಿ ಪ್ರಕಟವಾದ ಲೆಕ್ಕದಂತೆ, ಇಳಿಕೆ ಶೇಕಡಾ 25ರಿಂದ 33ರಷ್ಟು. ಮೊದಲಿನಷ್ಟಿಲ್ಲ, ಆದರೂ ಒಂದು ಕಾಗದದ ಚೂರಿಗೆ ಇದು ಸಣ್ಣ ಸಾಧನೆಯಲ್ಲ.

ಅವರು ವಿಮೆಯ ಕಡತ ನೋಡಿದ್ದಕ್ಕೂ ಕಾರಣವಿದೆ. ಸರ್ಕಾರಿ ಲೆಕ್ಕಕ್ಕೆ ಎಲ್ಲ ಸಾವುಗಳೂ ಸಿಗುವುದಿಲ್ಲ. 2016ರಲ್ಲಿ ನೈಜೀರಿಯ ವರದಿ ಮಾಡಿದ ರಸ್ತೆ ಸಾವುಗಳು ಸುಮಾರು 5 ಸಾವಿರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 39 ಸಾವಿರದ ಮೇಲೆ. ನಡುವಿನ ಆ ಮೂವತ್ತನಾಲ್ಕು ಸಾವಿರ ಮಂದಿಯ ಸಾವು ಎಲ್ಲೂ ದಾಖಲಾಗಿಲ್ಲವೆಂದರೆ, ಅದನ್ನು ತಡೆಯುವ ಯೋಜನೆಯನ್ನು ಯಾವ ಆಧಾರದ ಮೇಲೆ ಹಾಕುವುದು?

ಇನ್ನು ಚಾಲಕನನ್ನು ಬೈಯುವುದು ಸುಲಭ, ರಸ್ತೆಯನ್ನು ತಿದ್ದುವುದು ಖರ್ಚಿನ ಕೆಲಸವೆಂದು ಎಲ್ಲರೂ ಭಾವಿಸುತ್ತಾರೆ. ಘಾನಾದ ಕುಮಾಸಿಯಲ್ಲಿರುವ ಕಟ್ಟಡ ಮತ್ತು ರಸ್ತೆ ಸಂಶೋಧನಾ ಸಂಸ್ಥೆಯವರ ಅಧ್ಯಯನ ಬೇರೆಯದನ್ನೇ ತೋರಿಸಿತು. ಅಕ್ರಾ–ಕುಮಾಸಿ ಹೆದ್ದಾರಿಯಲ್ಲಿ ಸುಹುಮ್ ಎಂಬ ಕೂಡುರಸ್ತೆ ಅಪಘಾತಗಳಿಗೆ ಹೆಸರಾಗಿತ್ತು. ಅಲ್ಲಿ ರಸ್ತೆಗೆ ಅಡ್ಡಲಾಗಿ ಸಾಲುಸಾಲು ಉಬ್ಬುಪಟ್ಟಿಗಳನ್ನು ಹಾಕಿದ ಮೇಲೆ ಅಪಘಾತಗಳು ಶೇಕಡಾ 35ರಷ್ಟು, ಸಾವುಗಳು ಶೇಕಡಾ 55ರಷ್ಟು ಕಡಿಮೆಯಾದವು. ವೇಗ ಸ್ವಲ್ಪ ಇಳಿದರೆ ಪೆಟ್ಟಿನ ತೀವ್ರತೆ ಬಹಳ ಇಳಿಯುತ್ತದೆ. ನಿಮ್ಮ ಭೌತಶಾಸ್ತ್ರ ಪಠ್ಯದ ಚಲನ ಶಕ್ತಿಯ ಸೂತ್ರದಲ್ಲಿ ವೇಗದ ವರ್ಗವಿದೆಯಲ್ಲ, ಅದೇ ಇಲ್ಲಿ ಕೆಲಸ ಮಾಡುವುದು.

ಆಫ್ರಿಕದಲ್ಲಿ ರಸ್ತೆಯಲ್ಲಿ ಸಾಯುವವರಲ್ಲಿ ಹತ್ತಕ್ಕೆ ನಾಲ್ವರು ಕಾಲ್ನಡಿಗೆಯವರೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿ ಹೇಳುತ್ತದೆ. ಅವರಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳೂ ಸೇರಿದ್ದಾರೆ. ತಾಂಜಾನಿಯದ ದಾರ್ ಎಸ್ ಸಲಾಮ್ ನಗರದಲ್ಲಿ ಅಮೆಂಡ್ ಎಂಬ ಸಂಸ್ಥೆ ಹೆಚ್ಚು ಅಪಾಯವಿರುವ ಶಾಲೆಗಳನ್ನು ಆರಿಸಿ, ಸುತ್ತಲೂ ಕಾಲುದಾರಿ, ಹಂಪು, ದಾಟುಪಟ್ಟಿ ಮಾಡಿಸಿತು. ಬೇಕಾದ ಕಡೆ ಶಾಲೆಯ ಗೇಟನ್ನೇ ದೊಡ್ಡ ರಸ್ತೆಯಿಂದ ದೂರ ಸರಿಸಿತು. ಕೆಲಸ ನಡೆದ ಶಾಲೆಗಳನ್ನೂ ನಡೆಯದ ಶಾಲೆಗಳನ್ನೂ ಹೋಲಿಸಿ ನೋಡಿದ ಅಧ್ಯಯನ 2018ರಲ್ಲಿ ಹೊರಬಂತು: ಮಕ್ಕಳಿಗೆ ಆಗುವ ಗಾಯಗಳು ಕಾಲು ಭಾಗಕ್ಕಿಂತ ಹೆಚ್ಚು ತಗ್ಗಿದ್ದವು. ಮರುವರ್ಷ ಆ ಯೋಜನೆಗೆ ಅಂತರರಾಷ್ಟ್ರೀಯ ಬಹುಮಾನವೊಂದು ಸಂದಿತು. ಅಲ್ಲಿ ಬಳಸಿದ್ದು ಸಿಮೆಂಟು, ಬಣ್ಣ, ಕೆಲವು ಗೂಟಗಳು.