ಬೀಜವಿಲ್ಲದ ಬೆಳೆಯ ಚರಿತ್ರೆ: ಬೆಂಗಳೂರಿನ ಉತ್ತರ ಭಾಗದ ಗುಂಡುಮಲ್ಲಿಗೆ

ಲಿನೇಯಸ್ 1753ರಲ್ಲಿ ಗುಂಡುಮಲ್ಲಿಗೆಯನ್ನು ಪಾರಿಜಾತದೊಡನೆ ಒಂದೇ ಜಾತಿಗೆ ಸೇರಿಸಿ ನಿಕ್ಟಾಂಥಸ್ ಸಂಬಾಕ್ ಎಂದು ಹೆಸರಿಸಿದನು. ಆ ಜಾತಿನಾಮಕ್ಕೆ ಇರುಳ ಹೂವೆಂದು ಅರ್ಥ. 1789ರಲ್ಲಿ ಏಟನ್ ಇದನ್ನು ಜಾಸ್ಮಿನಮ್ ಜಾತಿಗೆ ವರ್ಗಾಯಿಸಿದನು. ‘ಸಂಬಾಕ್’ ಅರಬ್ಬಿ ಮೂಲದ ಪದ. ಜಾಜಿಯ ಎಲೆ ಗರಿಯಂತೆ ಸೀಳಿರುವುದು. ಸೂಜಿಮಲ್ಲಿಗೆಯ ಎಲೆಯ ಬುಡದಲ್ಲಿ ಕಿವಿಯಂತಹ ಎರಡು ಕಿರುದಳಗಳಿರುವುವು. ಗುಂಡುಮಲ್ಲಿಗೆಯದು ಸರಳವಾದ ಒಂಟಿ ಎಲೆ.

ಚರಿತ್ರಕಾರನಿಗೆ ಇದಕ್ಕಿಂತ ಮುಖ್ಯವಾದುದು ಅದರ ಬಂಜೆತನ. ಈ ಜಾತಿಯ ವರ್ಣತಂತುಗಳ ಮೂಲಸಂಖ್ಯೆ 13. ಕೃಷಿಯಲ್ಲಿರುವ ಗುಂಡುಮಲ್ಲಿಗೆಯ ಹಲವು ತಳಿಗಳಲ್ಲಿ 39 ವರ್ಣತಂತುಗಳಿವೆ, ಅಂದರೆ ಮೂರು ಗಣಗಳು. ಇವು ಸಮನಾಗಿ ಹಂಚಿಹೋಗಲಾರವಾದ್ದರಿಂದ ಬೀಜ ಕಟ್ಟುವುದು ವಿರಳ. ಗಿಡ ಬೇಕೆಂದವರು ಕಡ್ಡಿ ನೆಡಬೇಕು, ಇಲ್ಲವೆ ಬಾಗಿಸಿದ ಕೊಂಬೆಯನ್ನು ಮಣ್ಣಿನಲ್ಲಿ ಹೂತು ಬೇರು ಬರಿಸಬೇಕು. ಹಾಗಾಗಿ ಇಂದಿನ ಪ್ರತಿಯೊಂದು ಗಿಡವೂ ಹಿಂದಿನ ಯಾವುದೋ ಗಿಡದ ತುಂಡೇ ಆಗಿದೆ. ನೆಂಟರಿಂದ ನೆಂಟರಿಗೆ, ತೋಟದಿಂದ ತೋಟಕ್ಕೆ ಕೈಬದಲಾದ ಕಡ್ಡಿಗಳೇ ಈ ಬೆಳೆಯ ದಾಖಲೆ.

ಬೇಸಾಯದ ಕ್ರಮವೂ ಊರಿನ ಭೂಗೋಳವನ್ನು ನಿರ್ಧರಿಸಿದೆ. ನೀರು ನಿಲ್ಲದ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ. ನವೆಂಬರಿನ ಕೊನೆಗೆ ನೀರು ನಿಲ್ಲಿಸಿ ಸವರಿ, ಗೊಬ್ಬರವಿಟ್ಟು ನೀರು ಕೊಟ್ಟರೆ ಮಾರ್ಚಿಯಿಂದ ಜೂನ್‌ವರೆಗೆ ಹೂವಿನ ಸುಗ್ಗಿ. ಸಂಜೆ ಅರಳಬೇಕಾದ ಮೊಗ್ಗನ್ನು ಬೆಳಗಿನ ಜಾವವೇ ಬಿಡಿಸಿ ಕೆಲವೇ ಗಂಟೆಗಳಲ್ಲಿ ಮಾರುಕಟ್ಟೆಗೆ ಮುಟ್ಟಿಸಬೇಕು. ಆದ್ದರಿಂದ ಮಲ್ಲಿಗೆ ತೋಟ ನಗರದ ಅಂಚನ್ನೇ ಬಯಸುತ್ತದೆ. ಬೆಂಗಳೂರಿನ ಕೆರೆಗಳ ಕೆಳಗೆ ತೋಟಗಾರಿಕೆಯನ್ನು ಕುಲವೃತ್ತಿಯಾಗಿ ನಡೆಸಿದ ತಿಗಳರು ಆಚರಿಸುವ ಕರಗ ಚೈತ್ರ ಪೂರ್ಣಿಮೆಯಂದು ನಡೆಯುತ್ತದೆ. ಮಲ್ಲಿಗೆಯಿಂದ ಮುಚ್ಚಿದ ಆ ಕರಗ ಈ ಸುಗ್ಗಿಯ ಕಾಲದಲ್ಲೇ ಬರುವುದು ಗಮನಾರ್ಹ.

ಈ ಭಾಗದಲ್ಲಿ ಸಸ್ಯಶಾಸ್ತ್ರದ ನೆಲೆಗಳೂ ಹಳೆಯವು. ರಾಜಪ್ರತಿನಿಧಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ನೀಡಿದ 30 ಎಕರೆ ಜಮೀನಿನಲ್ಲಿ 1899ರಲ್ಲಿ ಹೆಬ್ಬಾಳದ ಕೃಷಿ ಸಂಶೋಧನಾ ಕ್ಷೇತ್ರ ಆರಂಭವಾಯಿತು. ಅಲ್ಲಿಯೇ ಬೆಳೆದ ಪರಂಪರೆ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ರೂಪ ತಾಳಿತು. 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು; ಜಾಜಿಯ ‘ಅರ್ಕಾ ಸುರಭಿ’ ತಳಿ ಅಲ್ಲಿಯ ಆಯ್ಕೆ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳ, ಯಲಹಂಕ ದಾರಿಯ ಜಮೀನುಗಳಿಗೆ ಬಡಾವಣೆಯ ಬೆಲೆ ಬಂದಿತು. ರಾಗಿಯ ತಳಿಯೊಂದು ಹೊಲದಿಂದ ಮರೆಯಾದರೂ ಅದರ ಬೀಜವನ್ನು ಶೀತಗೃಹದಲ್ಲಿ ಉಳಿಸಬಹುದು. ಗುಂಡುಮಲ್ಲಿಗೆಗೆ ಆ ಅನುಕೂಲವಿಲ್ಲ. ಅದನ್ನು ನೆಲದಲ್ಲಿ ಜೀವಂತವಾಗಿಯೇ ಇಡಬೇಕು. ಹಳೆಯ ತೋಟ ಕಿತ್ತುಹೋಗುವ ಮೊದಲು ಯಾರಾದರೂ ಕಡ್ಡಿ ಒಯ್ಯದಿದ್ದರೆ ಅಲ್ಲಿಯ ತಳಿ ಅಲ್ಲಿಗೇ ಮುಗಿಯುವ ಸಂಭವವುಂಟು. ಸಂಗ್ರಹಕಾರ್ಯಕ್ಕೆ ಎರಡು ಭೇಟಿಗಳು ಅವಶ್ಯ. ಎಲೆಯೊಂದರಿಂದಲೇ ತಳಿಗಳನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಏಪ್ರಿಲಿನಲ್ಲಿ ಹೂ ನೋಡಿ ಗಿಡಕ್ಕೆ ಗುರುತು ಹಾಕಬೇಕು. ಕಡ್ಡಿ ಸುಲಭವಾಗಿ ಬೇರು ಬಿಡುವ ಮಳೆಗಾಲದಲ್ಲಿ ಮತ್ತೆ ಹೋಗಿ ಅದನ್ನು ತರಬೇಕು.