ರಕ್ತ ಹೇಳುವ ಸಾಕ್ಷ್ಯ: ಲೂಪಸ್ ಪರೀಕ್ಷೆಗಳು ಬೆಳೆದು ಬಂದ ಬಗೆ

1906ರಲ್ಲಿ ಬರ್ಲಿನ್ನಿನ ಆಗಸ್ಟ್ ವಾಸರ್‌ಮನ್ ಮತ್ತು ಸಂಗಡಿಗರು ಸಿಫಿಲಿಸ್ ರೋಗವನ್ನು ರಕ್ತದಿಂದಲೇ ಪತ್ತೆ ಮಾಡುವ ಪರೀಕ್ಷೆಯೊಂದನ್ನು ರೂಪಿಸಿದರು. ಕೆಲವೇ ವರ್ಷಗಳಲ್ಲಿ ಅದು ಜಗತ್ತಿನಾದ್ಯಂತ ಬಳಕೆಗೆ ಬಂತು. 1935ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯ, ಮದುವೆಗೆ ಮುನ್ನ ಗಂಡು ಹೆಣ್ಣು ಇಬ್ಬರೂ ಇಂಥ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕಾನೂನು ಮಾಡಿತು; ಇತರ ರಾಜ್ಯಗಳೂ ಅದೇ ದಾರಿ ಹಿಡಿದವು. ಆಗ ಒಂದು ವಿಚಿತ್ರ ಬೆಳಕಿಗೆ ಬಂತು. ಸಿಫಿಲಿಸ್ ತಗಲುವ ಯಾವ ಸಾಧ್ಯತೆಯೂ ಇಲ್ಲದ ಕೆಲವರ ರಕ್ತ, ಎಷ್ಟು ಸಲ ಪರೀಕ್ಷಿಸಿದರೂ ‘ರೋಗ ಇದೆ’ ಎಂದೇ ಹೇಳುತ್ತಿತ್ತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಇಲ್ಲದ ರೋಗಕ್ಕೆ ಚಿಕಿತ್ಸೆಯ ಜೊತೆಗೆ ಶೀಲದ ಬಗೆಗಿನ ಸಂಶಯವನ್ನೂ ಹೊರಬೇಕಾದ ಸ್ಥಿತಿ ಅವರದು.

1949ರಲ್ಲಿ ಸಿಫಿಲಿಸ್ ರೋಗಾಣುವನ್ನೇ ನೇರವಾಗಿ ಬಳಸುವ, ಹೆಚ್ಚು ಖಚಿತವಾದ ಪರೀಕ್ಷೆ ಬಂದ ಮೇಲೆ ಇವರ ನಿರ್ದೋಷಿತ್ವ ಸಾಬೀತಾಯಿತು. ಹಾಗಾದರೆ ಮೊದಲಿನ ಪರೀಕ್ಷೆ ಸುಳ್ಳು ಹೇಳಿದ್ದೇಕೆ? ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಮೂರ್ ಮತ್ತು ಲುಟ್ಜ್ ಇಂಥವರನ್ನು ವರ್ಷಗಟ್ಟಲೆ ಗಮನಿಸಿ 1955ರಲ್ಲಿ ವರದಿ ಪ್ರಕಟಿಸಿದರು. ಇವರಲ್ಲಿ ಹಲವರಿಗೆ ಲೂಪಸ್ ಇತ್ತು, ಇಲ್ಲವೇ ಮುಂದೆ ಕಾಣಿಸಿಕೊಂಡಿತು. ರಕ್ತ ಸುಳ್ಳು ಹೇಳಿರಲಿಲ್ಲ. ಅದು ಹೇಳುತ್ತಿದ್ದುದು ಬೇರೆಯೇ ರೋಗದ ಸುದ್ದಿಯನ್ನು. ಕೇಳುವವರಿಗೆ ಆ ಭಾಷೆ ತಿಳಿದಿರಲಿಲ್ಲ, ಅಷ್ಟೆ.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಮುಖದ ಚರ್ಮವನ್ನು ತೋಳ ಕಚ್ಚಿ ತಿಂದಂತೆ ಕಾಣುವ ಹುಣ್ಣುಗಳಿಗೆ ಯೂರೋಪಿನ ಮಧ್ಯಯುಗದ ವೈದ್ಯರು ಇಟ್ಟ ಹೆಸರು ಅದು. 1851ರ ಹೊತ್ತಿಗೆ ಫ್ರಾನ್ಸಿನ ಕಾಜ಼ನಾವ್ ಇದರಲ್ಲಿ ಕೆಂಪು ಮಚ್ಚೆಯ ಬಗೆಯೊಂದನ್ನು ಬೇರ್ಪಡಿಸಿ ಹೆಸರಿಸಿದ. 1872ರಲ್ಲಿ ವಿಯೆನ್ನಾದ ಕಪೋಸಿ, ಇದು ಚರ್ಮಕ್ಕೆ ಸೀಮಿತವಲ್ಲ, ಜ್ವರ, ಕೀಲುನೋವುಗಳೊಡನೆ ಪ್ರಾಣಕ್ಕೂ ಎರವಾಗಬಲ್ಲದು ಎಂದು ತೋರಿಸಿದ. 1895ರಿಂದ ವಿಲಿಯಂ ಆಸ್ಲರ್ ಬರೆದ ಲೇಖನಗಳಲ್ಲಿ ಮೂತ್ರಪಿಂಡ, ಹೃದಯ, ಶ್ವಾಸಕೋಶಗಳ ತೊಂದರೆಗಳೂ ಸೇರಿದವು. ಆದರೂ ರೋಗ ಯಾವುದೆಂದು ಖಚಿತವಾಗಿ ಹೇಳಬಲ್ಲ ಗುರುತು ಯಾರ ಕೈಯಲ್ಲೂ ಇರಲಿಲ್ಲ.

ಅದು ಸಿಕ್ಕಿದ್ದು 1948ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಮಾಲ್ಕಂ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ರೋಗಿಗಳ ಅಸ್ಥಿಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಒಂದು ಅಪರೂಪದ ಕೋಶ ಕಂಡರು. ಬಿಳಿ ರಕ್ತಕಣವೊಂದು ಮತ್ತೊಂದು ಕೋಶದ ಕೇಂದ್ರವನ್ನು ಇಡಿಯಾಗಿ ನುಂಗಿ ಕುಳಿತಿತ್ತು. ಇದಕ್ಕೆ ‘ಎಲ್.ಇ. ಕೋಶ’ ಎಂಬ ಹೆಸರಾಯಿತು. ಮರುವರ್ಷವೇ ಕ್ಲೀವ್‌ಲೆಂಡ್‌ನ ಹ್ಯಾಸರಿಕ್, ಲೂಪಸ್ ರೋಗಿಯ ರಕ್ತದ ದ್ರವಭಾಗವನ್ನು ಆರೋಗ್ಯವಂತರ ಮಜ್ಜೆಗೆ ಸೇರಿಸಿದರೆ ಅಲ್ಲಿಯೂ ಇಂಥ ಕೋಶಗಳು ಹುಟ್ಟುತ್ತವೆ ಎಂದು ತೋರಿಸಿದ. ಅಂದರೆ ತಪ್ಪು ಕೋಶದಲ್ಲಿರಲಿಲ್ಲ, ರಕ್ತದಲ್ಲಿ ತೇಲುತ್ತಿದ್ದ ಯಾವುದೋ ವಸ್ತುವಿನಲ್ಲಿತ್ತು.

ಆ ವಸ್ತು ಪ್ರತಿಕಾಯ. ಹೊರಗಿನಿಂದ ಬರುವ ರೋಗಾಣುಗಳನ್ನು ಎದುರಿಸಲು ದೇಹ ತಯಾರಿಸುವ ಆಯುಧ ಅದು. ಲೂಪಸ್‌ನಲ್ಲಿ ಈ ಆಯುಧ ಸ್ವಂತ ಕೋಶಗಳ ಕೇಂದ್ರದ ಮೇಲೆಯೇ ತಿರುಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. 1957ರ ಸುಮಾರಿಗೆ ಹಲವು ಪ್ರಯೋಗಾಲಯಗಳು ಒಂದನ್ನೊಂದು ಅರಿಯದೆಯೇ, ಲೂಪಸ್ ರೋಗಿಗಳಲ್ಲಿ ಡಿಎನ್‌ಎ ವಿರುದ್ಧವೇ ಪ್ರತಿಕಾಯಗಳಿವೆ ಎಂದು ಕಂಡುಕೊಂಡವು. ಅದೇ ಕಾಲದಲ್ಲಿ ಕೋಶಕೇಂದ್ರಕ್ಕೆ ಅಂಟಿದ ಪ್ರತಿಕಾಯವನ್ನು ಹೊಳೆಯುವ ಬಣ್ಣದಿಂದ ಗುರುತಿಸುವ ವಿಧಾನವೂ ಬಂತು. ಇಂದು ‘ಎಎನ್‌ಎ’ ಎಂದು ಚೀಟಿಯಲ್ಲಿ ಬರೆಯುವ ಪರೀಕ್ಷೆಯ ಮೂಲ ಇದು.

ರೋಗ ಇದೆಯೇ ಎಂಬುದು ಒಂದು ಪ್ರಶ್ನೆ. ಅದು ಈಗ ಕೆರಳಿದೆಯೇ, ಮಲಗಿದೆಯೇ ಎಂಬುದು ಇನ್ನೊಂದು. ಲೂಪಸ್ ತಿಂಗಳುಗಟ್ಟಲೆ ಸುಮ್ಮನಿದ್ದು ಹಠಾತ್ತನೆ ಏಳುವ ಕಾಯಿಲೆಯಾದ್ದರಿಂದ ಎರಡನೆಯದೇ ರೋಗಿಯ ಪಾಲಿಗೆ ದೊಡ್ಡದು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಹೆನ್ರಿ ಕುಂಕೆಲ್ ಅವರ ತಂಡ 1960ರ ದಶಕದಲ್ಲಿ ಇದರ ಬೆನ್ನು ಹತ್ತಿತು. ಲೂಪಸ್‌ನಿಂದ ಹಾಳಾದ ಮೂತ್ರಪಿಂಡಗಳಲ್ಲಿ ಡಿಎನ್‌ಎ ವಿರುದ್ಧದ ಪ್ರತಿಕಾಯಗಳು ಶೇಖರವಾಗಿದ್ದುದನ್ನು ಅವರು ಕಂಡರು. 1968ರಲ್ಲಿ ಪೀಟರ್ ಶುರ್ ಮತ್ತು ಸ್ಯಾಂಡ್‌ಸನ್ ಪ್ರಕಟಿಸಿದ ಅಧ್ಯಯನ ಈ ಪ್ರತಿಕಾಯದ ಏರಿಕೆಯನ್ನೂ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಇಳಿಕೆಯನ್ನೂ ರೋಗದ, ಅದರಲ್ಲೂ ಮೂತ್ರಪಿಂಡದ ಉರಿಯೂತದ, ಉಲ್ಬಣದೊಡನೆ ಜೋಡಿಸಿತು.

ಕಾಂಪ್ಲಿಮೆಂಟ್ ಎಂಬುದು ದೇಹದ ಮದ್ದುಗುಂಡಿನ ದಾಸ್ತಾನು ಇದ್ದಂತೆ. ಒಳಗೆ ಎಲ್ಲೋ ಕಾಳಗ ನಡೆದಿದ್ದರೆ ದಾಸ್ತಾನು ಕರಗುತ್ತದೆ. ಸಿ3, ಸಿ4 ಎಂಬ ಎರಡು ಅಂಶಗಳು ಒಟ್ಟಿಗೆ ಇಳಿದರೆ ವೈದ್ಯರು ಎಚ್ಚರಗೊಳ್ಳುವುದು ಈ ಕಾರಣಕ್ಕೆ.

ಹಾಗಾದರೆ ಅಂಕಿಗಳನ್ನೇ ನೋಡಿ ಚಿಕಿತ್ಸೆ ನಡೆಸಬಹುದಲ್ಲ? ಅನುಭವ ಹಾಗೆನ್ನುವುದಿಲ್ಲ. ಪ್ರತಿಕಾಯ ಏರಿದ್ದರೂ, ಕಾಂಪ್ಲಿಮೆಂಟ್ ಇಳಿದಿದ್ದರೂ ವರ್ಷಗಟ್ಟಲೆ ಆರಾಮಾಗಿರುವ ರೋಗಿಗಳಿದ್ದಾರೆ. ಟೊರಾಂಟೊದ ತಜ್ಞರು ರೂಪಿಸಿ 1992ರಲ್ಲಿ ಪ್ರಕಟಿಸಿದ ‘ಸ್ಲೀಡೈ’ ಎಂಬ ಅಳತೆಗೋಲು ಈ ವಿವೇಕವನ್ನು ಲೆಕ್ಕದಲ್ಲಿಯೇ ತೋರಿಸುತ್ತದೆ. 24 ಅಂಶಗಳಿಗೆ ಒಟ್ಟು 105 ಅಂಕ. ಲೂಪಸ್‌ನಿಂದ ಬರುವ ಅಪಸ್ಮಾರಕ್ಕೆ 8, ಮೂತ್ರದಲ್ಲಿ ಪ್ರೋಟೀನು ಹೋಗುವುದಕ್ಕೆ 4. ಡಿಎನ್‌ಎ ಪ್ರತಿಕಾಯ ಹಾಗೂ ಕಾಂಪ್ಲಿಮೆಂಟ್‌ಗಳಿಗೆ ತಲಾ 2 ಮಾತ್ರ. ರಕ್ತದ ಸಾಕ್ಷ್ಯ ಬೇಕು. ಆದರೆ ಅದೊಂದರ ಮೇಲೆಯೇ ತೀರ್ಪು ಕೊಡುವಂತಿಲ್ಲ.

ಎಎನ್‌ಎ ಪರೀಕ್ಷೆಯ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಅಗತ್ಯ. 1997ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನವೊಂದು, ರಕ್ತಸಾರವನ್ನು 40 ಪಾಲು ತೆಳುಗೊಳಿಸಿ ನೋಡಿದಾಗ ಆರೋಗ್ಯವಂತರಲ್ಲಿಯೇ ಶೇಕಡಾ 30ರಷ್ಟು ಮಂದಿಗೆ ಎಎನ್‌ಎ ಇದ್ದುದನ್ನು ವರದಿ ಮಾಡಿತು. ಲೂಪಸ್ ಇರುವವರಲ್ಲಿ ಬಹುಪಾಲು ಎಲ್ಲರಿಗೂ ಎಎನ್‌ಎ ಇರುತ್ತದೆ. ಎಎನ್‌ಎ ಇದ್ದವರಿಗೆಲ್ಲ ಲೂಪಸ್ ಇರುವುದಿಲ್ಲ. ಚೀಟಿಯಲ್ಲಿ ‘ಪಾಸಿಟಿವ್’ ಎಂಬ ಒಂದು ಪದ ಕಂಡು ಮದುವೆಯ ಮಾತುಕತೆ ಮುರಿಯುವ ಸಮಾಜದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ವಾಸರ್‌ಮನ್ ಪರೀಕ್ಷೆಯ ಕಾಲದ ಹೆಂಗಸರಿಗೆ ಆದದ್ದೂ ಇದೇ ತಾನೆ?

ಕರ್ನಾಟಕದ ಹಳ್ಳಿಗಳ ಮಟ್ಟಿಗೆ ಇನ್ನೊಂದು ತೊಡಕಿದೆ. ಹಾಸನದ ಮಗ್ಗುಲಿನ ಬೂವನಹಳ್ಳಿಯಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಊರುಗಳಿರಲಿ, ಆಲೂಗೆಡ್ಡೆ, ರಾಗಿ ಹೊಲಗಳಲ್ಲಿ ಹೆಂಗಸರು ಬಿಸಿಲಿನಲ್ಲೇ ದುಡಿಯುತ್ತಾರೆ. ಲೂಪಸ್ ಕೆರಳಲು ಬಿಸಿಲು ಒಂದು ಮುಖ್ಯ ಕಾರಣ. ದೊಡ್ಡವರಲ್ಲಿ ಈ ರೋಗ ಬರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅದೂ ಹೆರುವ ವಯಸ್ಸಿನವರು. ಕೆನ್ನೆಯ ಮೇಲಿನ ಕೆಂಪನ್ನು ಬಂಗು ಎಂದು, ಕೀಲುನೋವನ್ನು ವಾಯು ಎಂದು, ಬಿಡದ ಜ್ವರವನ್ನು ಕ್ಷಯ ಎಂದು ತಿಳಿಯುವುದು ಸುಲಭ. ಕ್ಷಯ ನಿಜವಾಗಿಯೂ ಇರಬಹುದು. ಲೂಪಸ್ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಸೋಂಕು ಹಿಂದೆಯೇ ಕಾದಿರುತ್ತದೆ. ಇಲ್ಲಿ ಎರಡು ಅಗ್ಗದ ಪರೀಕ್ಷೆಗಳು ನೆರವಿಗೆ ಬರುತ್ತವೆ. ಲೂಪಸ್ ಕೆರಳಿದಾಗ ಇಎಸ್‌ಆರ್ ಏರುತ್ತದೆ, ಆದರೆ ಸಿಆರ್‌ಪಿ ಎಂಬ ಪ್ರೋಟೀನು ಸಾಮಾನ್ಯವಾಗಿ ಅಷ್ಟಾಗಿ ಏರುವುದಿಲ್ಲ. ಅದು ಬಹಳ ಏರಿದ್ದರೆ ಸೋಂಕನ್ನು ಹುಡುಕಬೇಕೆಂಬ ಸೂಚನೆ.

ಚಿಕಿತ್ಸೆಯ ಚರಿತ್ರೆಯಲ್ಲಿ ಮಲೆನಾಡಿಗೆ ಪರಿಚಿತವಾದ ಒಂದು ಎಳೆಯೂ ಇದೆ. ಸಕಲೇಶಪುರದ ಕಡೆ ಚಳಿಜ್ವರಕ್ಕೆ ನುಂಗುತ್ತಿದ್ದ ಕಹಿ ಕ್ವಿನೈನನ್ನು 1894ರಲ್ಲಿ ಲಂಡನ್ನಿನ ವೈದ್ಯ ಪೇನ್ ಲೂಪಸ್‌ಗೆ ಕೊಟ್ಟು ಗುಣ ಕಂಡಿದ್ದ. ಅದೇ ಮಲೇರಿಯಾ ಔಷಧಗಳ ಸಾಲಿನಲ್ಲಿ ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಇಂದಿಗೂ ಲೂಪಸ್ ಚಿಕಿತ್ಸೆಯ ಬುನಾದಿ. 1950ರ ದಶಕದಲ್ಲಿ ಸ್ಟಿರಾಯ್ಡ್‌ಗಳು ಬಂದವು. 1955ರ ಅಮೆರಿಕದ ಲೆಕ್ಕದಲ್ಲಿ ನಾಲ್ಕು ವರ್ಷ ಬದುಕಿದವರು ಸುಮಾರು ಅರ್ಧದಷ್ಟು ರೋಗಿಗಳು. ಈಗ ಒಳ್ಳೆಯ ಆರೈಕೆ ಸಿಗುವ ಕಡೆ ಐದು ವರ್ಷ ದಾಟುವವರು ಶೇಕಡಾ 90ಕ್ಕೂ ಹೆಚ್ಚು.

ವಾಸರ್‌ಮನ್ ಪರೀಕ್ಷೆಯ ಒಗಟೂ ಕೊನೆಗೆ ಬಿಡಿಸಿತು. ಆ ಪರೀಕ್ಷೆಯಲ್ಲಿ ಬಳಸುತ್ತಿದ್ದ, ದನದ ಹೃದಯದಿಂದ ತೆಗೆದ ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನಂಶಕ್ಕೆ ಕೆಲವು ಲೂಪಸ್ ರೋಗಿಗಳ ಪ್ರತಿಕಾಯ ಅಂಟಿಕೊಳ್ಳುತ್ತಿತ್ತು. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಅವರ ತಂಡ ಈ ಪ್ರತಿಕಾಯವನ್ನು ಅಳೆಯುವ ವಿಧಾನ ತಂದಿತು. ರಕ್ತ ಹೆಪ್ಪುಗಟ್ಟುವುದಕ್ಕೂ ಮತ್ತೆ ಮತ್ತೆ ಗರ್ಭಪಾತವಾಗುವುದಕ್ಕೂ ಅದು ಕಾರಣವೆಂದು ತಿಳಿಯಿತು. ಒಂದು ಕಾಲಕ್ಕೆ ಶೀಲಗೆಟ್ಟವಳೆಂಬ ಹಣೆಪಟ್ಟಿ ತಂದ ಅದೇ ಪ್ರತಿಕಾಯವನ್ನು ಇಂದು ಮುಂಚಿತವಾಗಿ ಗುರುತಿಸಿ, ಆಸ್ಪಿರಿನ್ ಮತ್ತು ಹೆಪಾರಿನ್ ಕೊಟ್ಟು, ಎಷ್ಟೋ ತಾಯಂದಿರ ಮಡಿಲು ತುಂಬಿಸಲಾಗುತ್ತಿದೆ.

2006ರಲ್ಲಿ ಹಾಸನಕ್ಕೆ ವೈದ್ಯಕೀಯ ಕಾಲೇಜು ಬಂತು. ಆದರೂ ದೊಡ್ಡ ಪರೀಕ್ಷೆಗಳಿಗಿಂತ ಮೊದಲು ಆಗಬೇಕಾದ್ದು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಆಗಬಲ್ಲದು. ಲೂಪಸ್ ಸದ್ದಿಲ್ಲದೆ ಮೂತ್ರಪಿಂಡಕ್ಕೆ ಇಳಿದಾಗ ನೋವಿರುವುದಿಲ್ಲ. ಆಗ ಸುಳಿವು ಕೊಡುವುದು ರಕ್ತದೊತ್ತಡದ ಅಳತೆ ಮತ್ತು ಪ್ರೋಟೀನಿಗಾಗಿ ಮಾಡುವ ಸಾಮಾನ್ಯ ಮೂತ್ರಪರೀಕ್ಷೆ.